ದಣಿವು ಸೋಮಾರಿತನವಲ್ಲ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಾಠ ಹೇಳಿದ ಗುರುಗಳ ಮುಂದೆ ಕುರ್ಚಿಯಲ್ಲಿ ಕುಳಿತೇ ಮಾತನಾಡುತ್ತಿದ್ದೇನೆ, ಕ್ಷಮಿಸಬೇಕು. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇದೆ. ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ. ಅದರ ಒಂದೇ ಒಂದು ಲಕ್ಷಣದ ಬಗ್ಗೆ, ಅಂದರೆ ದಣಿವಿನ ಬಗ್ಗೆ, ನಾಲ್ಕು ಮಾತು ಹೇಳುತ್ತೇನೆ.

ಈ ಕಾಯಿಲೆಯನ್ನು ಸ್ಪಷ್ಟವಾಗಿ ಗುರುತಿಸಿ ವಿವರಿಸಿದವರು ಪ್ಯಾರಿಸ್ಸಿನ ವೈದ್ಯ ಶಾರ್ಕೋ, 1868ರಲ್ಲಿ. ಪಂಪ್‌ಸೆಟ್ಟಿನ ವೈರಿಗೆ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಹೊದಿಕೆಯಿರುವ ದಪ್ಪ ನರದಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರಿನವರೆಗೂ ಓಡುತ್ತದೆ. ಎಂ.ಎಸ್.ನಲ್ಲಿ ರೋಗದಿಂದ ಕಾಯಬೇಕಾದ ನಮ್ಮ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳಲ್ಲಿ ಆ ಹೊದಿಕೆಯನ್ನು ಕೆಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಹೆಂಗಸರಲ್ಲಿ ಹೆಚ್ಚು.

ನನಗೆ ಮೊದಲು ಒಂದು ಕಣ್ಣು ಮಂಜಾಯಿತು, ವಾಸಿಯೂ ಆಯಿತು. ದಣಿವು ಮಾತ್ರ ಉಳಿಯಿತು. ರಾತ್ರಿಯಿಡೀ ನಿದ್ದೆ ಮಾಡಿ ಎದ್ದರೂ, ತಲೆಗೆ ಸ್ನಾನ ಮಾಡಿ ಬಂದರೆ ಮತ್ತೆ ಮಲಗಬೇಕು. "ನೋಡೋಕೆ ಚೆನ್ನಾಗೇ ಇದ್ದೀಯಲ್ಲಮ್ಮಾ" ಎಂದರು ಮನೆಯವರು. ಕೆಲಸದ ಜಾಗದಲ್ಲಿ ಬೆನ್ನ ಹಿಂದೆ ಬೇರೆ ಮಾತು. ಕೇಳಿ ಕೇಳಿ ನಾನೇ ಸೋಮಾರಿ ಎಂದು ನಾನೂ ನಂಬಿಬಿಟ್ಟಿದ್ದೆ.

ಸ್ಕ್ಯಾನಿನಲ್ಲಿ ಕಾಣುವ ಕಲೆಗಳ ಲೆಕ್ಕಕ್ಕೂ ದಣಿವಿನ ಪ್ರಮಾಣಕ್ಕೂ ಸರಿಯಾಗಿ ತಾಳೆಯಾಗುವುದಿಲ್ಲ. ಕಲೆ ಕಡಿಮೆಯಿದ್ದವರಿಗೂ ವಿಪರೀತ ದಣಿವಿರಬಹುದು. ಹಾಗಾಗಿ ವಿಜ್ಞಾನಿಗಳು ಮಿದುಳಿನ ಭಾಗಗಳ ನಡುವಿನ ಸಂಪರ್ಕವನ್ನು ನೋಡತೊಡಗಿದರು. ಸುಮ್ಮನೆ ಮಲಗಿದಾಗಲೂ ಮಿದುಳಿನ ದೂರದೂರದ ಭಾಗಗಳು ಒಂದೇ ಲಯದಲ್ಲಿ ಏರಿಳಿಯುತ್ತವೆ ಎಂದು 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಎಂ.ಆರ್.ಐ. ಮೂಲಕ ತೋರಿಸಿದ್ದರು. ಅದೇ ವಿಧಾನ ಇಲ್ಲಿ ನೆರವಿಗೆ ಬಂತು. ದಣಿಯುವ ಎಂ.ಎಸ್. ರೋಗಿಗಳಲ್ಲಿ ಮಿದುಳಿನ ಮುಂಭಾಗ, ನಡುವಿನ ಥಾಲಮಸ್, ಅದರ ಪಕ್ಕದ ಬೇಸಲ್ ಗ್ಯಾಂಗ್ಲಿಯಾ ಇವುಗಳ ನಡುವಿನ ಸಂಪರ್ಕ ಬದಲಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಂದು ಕೆಲಸಕ್ಕೆ ಎಷ್ಟು ಶ್ರಮ ಹಾಕಬೇಕು, ಅದರಿಂದ ಫಲವೇನು ಎಂದು ತೂಗಿ ನೋಡುವುದರಲ್ಲಿ ಈ ಭಾಗಗಳ ಪಾಲು ದೊಡ್ಡದು. ಕೆಲವು ದಾರಿ ಸೊರಗಿರುತ್ತವೆ, ಕೆಲವು ಅತಿಯಾಗಿ ದುಡಿಯುತ್ತಿರುತ್ತವೆ. ಹಳ್ಳದ ಸೇತುವೆ ಕುಸಿದರೆ ಬಸ್ಸು ಸುತ್ತುಬಳಸಿ ಬರುವುದಿಲ್ಲವೇ? ಊರು ತಲುಪುತ್ತದೆ, ಆದರೆ ಡೀಸೆಲ್ ಹೆಚ್ಚು ಸುಡುತ್ತದೆ. ನನ್ನ ದಣಿವನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ.

ಇದಕ್ಕೆ ಮಾತ್ರೆ ಇಲ್ಲವೇ ಎಂದು ಕೇಳುತ್ತೀರಿ. ವೈದ್ಯರು ಕೊಡುತ್ತಿದ್ದ ಮೂರು ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅವು ಔಷಧಿಯಿಲ್ಲದ ಹುಸಿಮಾತ್ರೆಗಿಂತ ಮೇಲೇನಲ್ಲ ಎಂದು 2021ರಲ್ಲಿ ಪ್ರಕಟವಾಯಿತು. ನೆರವಾಗುವುದು ಮೈಗೆ ಒಗ್ಗುವಷ್ಟು ವ್ಯಾಯಾಮ, ಕೆಲಸವನ್ನು ಹಂಚಿಕೊಂಡು ಮಾಡುವುದು, ನಡುನಡುವೆ ವಿಶ್ರಾಂತಿ. ಬಿಸಿಲು ನಮಗೆ ಆಗದು. ಮೈ ಬಿಸಿಯಾದರೆ ಕೆಟ್ಟ ನರದಲ್ಲಿ ಸಂದೇಶ ಇನ್ನೂ ತಡವರಿಸುತ್ತದೆ. ನಾನು ಈಗ ಅಡುಗೆಯನ್ನು ಬೆಳಗಿನ ತಂಪಿನಲ್ಲೇ ಮುಗಿಸುತ್ತೇನೆ, ತರಕಾರಿಯನ್ನು ಕುಳಿತು ಹೆಚ್ಚುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಕೂಡ ಸೇರಿದೆ. ಇಂಥವರು ನಿಮ್ಮ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ.

ಕೊನೆಗೆ ಶಿಕ್ಷಕರಲ್ಲಿ ಒಂದು ಬಿನ್ನಹ. ಎಂ.ಎಸ್. ನಮ್ಮ ಕಡೆ ಅಪರೂಪ. ಆದರೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಮನಸ್ಸಿನ ನೋವು ಅಪರೂಪವಲ್ಲ. ಹಿಂದಿನ ಬೆಂಚಿನಲ್ಲಿ ತಲೆಯಿಟ್ಟು ಮಲಗುವ ಹುಡುಗಿಯನ್ನು ಗದರುವ ಮೊದಲು "ಯಾಕಮ್ಮಾ, ಹುಷಾರಿಲ್ವಾ?" ಎಂದು ಒಮ್ಮೆ ಕೇಳಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಆಸ್ಪತ್ರೆಯ ಮೆಟ್ಟಿಲನ್ನು ಇನ್ನೂ ಬೇಗ ಹತ್ತುತ್ತಿದ್ದೆ.

ಹೇಳದೆಯೇ ಕುರ್ಚಿ ತಂದಿಟ್ಟ ಒಂಬತ್ತನೆಯ ತರಗತಿಯ ಮಕ್ಕಳಿಗೆ ವಂದನೆಗಳು.