ಹಕ್ಕಿಯ ಹೊತ್ತು, ಉಬ್ಬರದ ಹೊತ್ತು

ಬೇಟೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಾಡು. ಹಳುವಿನ ನಡುವೆ ಮರಸು ಕುಳಿತ ಈಡುಗಾರ, ಸೋವಿನವರ ಗದ್ದಲ, ಬೇಲಿ ಹಾರಿ ಬರುವ ಹಂದಿ; ಮಲೆನಾಡಿನ ಲೇಖಕರು ನಮಗೆ ಕೊಟ್ಟಿರುವ ಚಿತ್ರ ಇದು. ಮರವಿಲ್ಲದ, ಗುಡ್ಡವಿಲ್ಲದ, ದಾರಿಯೆಂಬುದೂ ಇಲ್ಲದ ಕೆಸರಿನ ಬಯಲಿನಲ್ಲಿ, ಸಮುದ್ರವೇ ಬಂದು ಮುಚ್ಚಿ ಮತ್ತೆ ತೆರೆದುಕೊಡುವ ನೆಲದಲ್ಲಿ ನಡೆಯುವ ಬೇಟೆಯೂ ಒಂದುಂಟು. ಇಂಗ್ಲೆಂಡಿನ ಪೂರ್ವ ತೀರದ ಸಣ್ಣ ಊರೊಂದರಲ್ಲಿ ವೈದ್ಯನಾಗಿ ನಾಲ್ಕು ಚಳಿಗಾಲಗಳನ್ನು ಕಳೆದ ನನಗೆ ಅದನ್ನು ಹತ್ತಿರದಿಂದ ಕಾಣುವ ಅವಕಾಶ ಒದಗಿತ್ತು. ಕಾಡುಬಾತು, ಹೆಬ್ಬಾತುಗಳ ಈ ಬೇಟೆಗೆ ಹೊಸದಾಗಿ ಇಳಿಯುವವನು ಮೊದಲು ಕಲಿಯಬೇಕಾದುದೇನು, ಜೀವಸಹಿತ ದಡಕ್ಕೆ ಮರಳುವುದು ಹೇಗೆ ಎಂಬುದು ಇಂದಿನ ನನ್ನ ಮಾತಿನ ವಿಷಯ.

ಹಕ್ಕಿ ಕೊಲ್ಲುವವರ ಕ್ಷೇಮಕ್ಕಾಗಿ ಒಂದು ಭಾಷಣವೇ ಎಂದು ಶ್ರೋತೃಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿಯೂ ಹವ್ಯಾಸದ ಬೇಟೆಯ ಬಾಗಿಲನ್ನು ಮುಚ್ಚಿದವು. ಮುಚ್ಚಿದ್ದು ಒಳ್ಳೆಯದೇ ಆಯಿತು. ಭರತಪುರದಲ್ಲಿ 1938ರ ನವೆಂಬರಿನ ಒಂದೇ ದಿನ ವೈಸರಾಯ್ ಲಿನ್‌ಲಿತ್‌ಗೋ ಅವರ ಕೂಟ 4,273 ಹಕ್ಕಿಗಳನ್ನು ಹೊಡೆದ ಲೆಕ್ಕ ಅಲ್ಲಿಯ ಕಲ್ಲಿನ ಮೇಲೆ ಇಂದಿಗೂ ಇದೆ. ಆದರೆ ಆಳುಕಾಳುಗಳ, ಔತಣದ ಆ ಬೇಟೆಗೂ ನಾನು ಹೇಳಹೊರಟಿರುವುದಕ್ಕೂ ಹೆಚ್ಚಿನ ನಂಟಿಲ್ಲ. ಇದು ಬಹುಮಟ್ಟಿಗೆ ಬಡಗಿಗಳ, ಮೀನುಗಾರರ, ಕಾರ್ಖಾನೆಯ ಕೆಲಸಗಾರರ ಬೇಟೆ. ಒಬ್ಬನೇ, ಕತ್ತಲಲ್ಲಿ, ಒಂದು ನಾಯಿಯೊಡನೆ ಹೋಗುತ್ತಾನೆ. ಹತ್ತರಲ್ಲಿ ಏಳು ದಿನ ಬರಿಗೈಯಲ್ಲಿ ಬರುತ್ತಾನೆ.

ನಾರ್ಫೋಕ್ ಮತ್ತು ಲಿಂಕನ್‌ಷೈರ್ ಪ್ರಾಂತಗಳ ನಡುವೆ ಸಮುದ್ರ ಒಳಚಾಚಿಕೊಂಡಿರುವ ಚೌಕನೆಯ ಕೊಲ್ಲಿಗೆ ವಾಷ್ ಎಂದು ಹೆಸರು. ವಿದಮ್, ವೆಲಂಡ್, ನೀನ್, ಗ್ರೇಟ್ ಊಸ್ ಎಂಬ ನಾಲ್ಕು ನದಿಗಳು ಅಲ್ಲಿಗೆ ಬಂದು ಸೇರುತ್ತವೆ. ಒಳನಾಡನ್ನು ಕಾಯಲು ನಮ್ಮ ಕೆರೆಯ ಏರಿಯಂತೆಯೇ ಉದ್ದಕ್ಕೂ ಮಣ್ಣಿನ ಏರಿ ಕಟ್ಟಿದ್ದಾರೆ. ಏರಿಯ ಆಚೆ ಮೊದಲು ಹುಲ್ಲು ಬೆಳೆದ ಉಪ್ಪುಜವುಗು, ಅದನ್ನು ಸೀಳಿಕೊಂಡು ಹಾವಿನಂತೆ ಹರಿದಾಡುವ ಕೊರಕಲುಗಳು. ಅದರಾಚೆ ಮೈಲುಗಟ್ಟಲೆ ಕೆಸರು, ಮರಳು. ಉತ್ತರ ಕನ್ನಡದವರಿಗೆ ಇದರ ಒಂದು ಸಣ್ಣ ರೂಪ ಗೊತ್ತಿರಲೇಬೇಕು: ಅಘನಾಶಿನಿಯ ಅಳಿವೆಯ ಗಜನಿ. ಆದರೆ ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ವಾಷ್‌ನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಆರು ಮೀಟರಿಗೂ ಮಿಕ್ಕುತ್ತದೆ. ಅಷ್ಟು ನೀರು ಸಮತಟ್ಟಾದ ನೆಲದ ಮೇಲೆ ಬರುವುದೆಂದರೆ ಮೇಲಕ್ಕೆ ಏರುವುದಕ್ಕಿಂತ ಅಡ್ಡಕ್ಕೆ ಓಡುವುದೇ ಹೆಚ್ಚು.

1216ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ದೊರೆ ಜಾನ್‌ನ ಸಾಮಾನು ಸರಂಜಾಮಿನ ಗಾಡಿಗಳು ಮುಳುಗಿಹೋದದ್ದು ಇಲ್ಲಿಯೇ. ಕೆಲವೇ ದಿನಗಳಲ್ಲಿ ದೊರೆಯೂ ನ್ಯೂವಾರ್ಕ್‌ನಲ್ಲಿ ತೀರಿಕೊಂಡ. ಷೇಕ್ಸ್‌ಪಿಯರನ ನಾಟಕದಲ್ಲಿಯೂ ಈ ನಷ್ಟದ ಪ್ರಸ್ತಾಪ ಬರುತ್ತದೆ. ಅಂದು ಗಾಡಿಗಳನ್ನು ನುಂಗಿದ ಕೆಸರು ಬಂದೂಕು ಹಿಡಿದವನೆಂದು ಇಂದಿನ ಹವ್ಯಾಸಿಗೆ ರಿಯಾಯಿತಿ ತೋರಿಸುವುದಿಲ್ಲ.

ನನಗೆ ಈ ನೆಲವನ್ನು ತೋರಿಸಿದವನು ನೆರೆಮನೆಯ ಮುದುಕ, ವೃತ್ತಿಯಲ್ಲಿ ಬಡಗಿ. ಹೊಸಬರಿಗೆ ಅವನದು ಒಂದೇ ನಿಯಮ: ಮೊದಲ ಋತುವಿನಲ್ಲಿ ಕೋವಿ ಮನೆಯಲ್ಲಿರಲಿ. ಕೋಲು, ಗಡಿಯಾರ, ದಿಕ್ಸೂಚಿ ಇಷ್ಟನ್ನು ಹಿಡಿದು ಬೆನ್ನ ಹಿಂದೆ ಬಾ ಎನ್ನುತ್ತಿದ್ದ. ಹಗಲಿನಲ್ಲಿ, ನೀರು ಇಳಿದಿರುವಾಗ ನಡೆಸಿಕೊಂಡು ಹೋಗಿ ಪ್ರತಿಯೊಂದು ಕೊರಕಲಿನ ತಲೆ ಎಲ್ಲಿದೆ, ದಾಟು ಎಲ್ಲಿದೆ, ಗಟ್ಟಿ ಮರಳು ಎಲ್ಲಿಗೆ ಮುಗಿದು ಹುದುಲು ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸುತ್ತಿದ್ದ. ಕೋವಿ ಹಿಡಿದವನ ಕಣ್ಣು ಆಕಾಶದಲ್ಲಿರುತ್ತದೆ, ಕಲಿಯುವವನ ಕಣ್ಣು ನೆಲದಲ್ಲಿರಬೇಕು, ಎರಡೂ ಕೂಡಿಬರುವುದಿಲ್ಲ ಎಂಬುದು ಅವನ ವಾದ. ನನಗಂತೂ ಆ ನಿಯಮ ಅನುಕೂಲವೇ ಆಯಿತು. ನಾಲ್ಕು ವರ್ಷವೂ ನಾನು ಕೋಲಿನಲ್ಲಿಯೇ ಉಳಿದೆ, ಅವನೂ ಒತ್ತಾಯಿಸಲಿಲ್ಲ.

ಕೋವಿ ಬೇಕೆನ್ನುವವನಿಗೆ ಅಲ್ಲಿ ಕಾಗದಪತ್ರಗಳ ಕಟ್ಟಳೆ ಬಿಗಿಯಾಗಿದೆ. ಪೊಲೀಸರಿಂದ ಪರವಾನಗಿ ಪಡೆಯಬೇಕು. ಇಂಗ್ಲೆಂಡಿನಲ್ಲಿ ತೀರದ ಹೆಚ್ಚಿನ ಭಾಗಗಳಲ್ಲಿ ಬೇಟೆಯ ಹಕ್ಕು ಸ್ಥಳೀಯ ಸಂಘಗಳ ಕೈಯಲ್ಲಿರುವುದರಿಂದ ಸಂಘದ ಸದಸ್ಯನಾಗಬೇಕು. ಅನೇಕ ಸಂಘಗಳು ಹೊಸಬನನ್ನು ಅನುಭವಿಯೊಬ್ಬನ ಜೊತೆಯಲ್ಲದೆ ಬಿಡುವುದಿಲ್ಲ, ಹಕ್ಕಿ ಗುರುತಿಸುವ ಪರೀಕ್ಷೆಯನ್ನೂ ಮಾಡುತ್ತವೆ. 1908ರಲ್ಲಿ ಹಲ್ ನಗರದ ಸ್ಟ್ಯಾನ್ಲಿ ಡಂಕನ್ ಎಂಬಾತ ಈ ಬೇಟೆಗಾರರನ್ನು ಒಂದು ಸಂಘವಾಗಿ ಕಟ್ಟಿದ. ಹಕ್ಕಿಯ ನೆಲೆಗಳನ್ನು ಕಾಯುವುದೂ ಅದರ ಕೆಲಸವಾಗಿ ಬೆಳೆಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಬೇಟೆ ನಡೆಯುವುದು ಮುಂಜಾವಿನಲ್ಲಿ, ಇಲ್ಲವೇ ಮುಸ್ಸಂಜೆಯಲ್ಲಿ. ನಸುಗೆಂಪು ಕಾಲಿನ ಹೆಬ್ಬಾತುಗಳು ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್‌ಗಳಿಂದ ಬಂದು ರಾತ್ರಿಯನ್ನು ಮರಳದಿಣ್ಣೆಗಳ ಮೇಲೆ ಕಳೆದು, ಬೆಳಕು ಹರಿಯುವಾಗ ಒಳನಾಡಿನ ಹೊಲಗಳಿಗೆ ಹಾರುತ್ತವೆ. ಬಾತುಗಳದು ಇದಕ್ಕೆ ತಿರುಗುಮುರುಗು: ಸಂಜೆ ಒಳಕ್ಕೆ, ಬೆಳಿಗ್ಗೆ ಸಮುದ್ರಕ್ಕೆ. ಆದುದರಿಂದ ಬೇಟೆಗಾರ ಏರಿಯಿಂದಾಚೆ ಇರಬೇಕಾದ ಹೊತ್ತು ಮಬ್ಬುಗತ್ತಲೆಯ ಹೊತ್ತೇ. ಇನ್ನು ಉಬ್ಬರದ ಲೆಕ್ಕ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಹಿಂದೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳು ಕಳೆದು ಪಾಡ್ಯ ಬಿದಿಗೆಯ ವೇಳೆಗೆ ಉಬ್ಬರ ಅತಿ ದೊಡ್ಡದು. ಅಷ್ಟಮಿ ಕಳೆದ ಮೇಲೆ ಅತಿ ಸಣ್ಣದು. ಚಂದ್ರನ ಕಲೆ ಒಂದೇ ಆದಾಗ ಉಬ್ಬರದ ಗಂಟೆಯೂ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಪ್ರತಿಯೊಂದು ಬಂದರಿಗೂ ತನ್ನ ದೊಡ್ಡ ಉಬ್ಬರಕ್ಕೆ ಗೊತ್ತಾದ ಹೊತ್ತೊಂದಿರುತ್ತದೆ. ವಾಷ್‌ನ ಪಾಲಿಗೆ ಆ ಹೊತ್ತು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ಚಳಿಗಾಲದಲ್ಲಿ ಅಲ್ಲಿ ಬೆಳಕು ಹರಿಯುವುದು ಯಾವಾಗ ಎಂದು ನೆನೆದರೆ ಇದರ ಅರ್ಥ ಹೊಳೆಯುತ್ತದೆ. ಹಕ್ಕಿ ತಲೆಯ ಮೇಲೆ ಬರುವ ಹೊತ್ತೂ ನೀರು ಕಾಲ ಬುಡಕ್ಕೆ ಬರುವ ಹೊತ್ತೂ ಒಂದರ ಪಕ್ಕದಲ್ಲೊಂದು. ಕೆಸರನ್ನು ಮುಚ್ಚುವ ನೀರೇ ಹಕ್ಕಿಗಳನ್ನು ಎಬ್ಬಿಸಿ ದಡದತ್ತ ತಳ್ಳುವುದರಿಂದ ದೊಡ್ಡ ಉಬ್ಬರದ ಬೆಳಗು ಬೇಟೆಗಾರನಿಗೆ ಹಬ್ಬದ ಬೆಳಗು. ಆಸೆಯೂ ಅಪಾಯವೂ ಇಷ್ಟು ಸರಿಯಾಗಿ ಸಮಯ ಹೊಂದಿಸಿಕೊಂಡು ಬರುವ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಮುಂದೆ ಎರಡು, ಕೊನೆಗೆ ಒಂದು ಎಂಬುದು ನಾವಿಕರ ಸ್ಥೂಲ ಲೆಕ್ಕ. ಆರು ಮೀಟರಿನ ಉಬ್ಬರಕ್ಕೆ ನಡುವಿನ ಎರಡು ಗಂಟೆಗಳಲ್ಲಿಯೇ ಮೂರು ಮೀಟರ್. ಮೊದಲ ಗಂಟೆಯ ನಿಧಾನವನ್ನು ಕಂಡು ಇನ್ನೂ ಸಮಯವಿದೆ ಎಂದುಕೊಂಡವನು ಮೋಸಹೋಗುವುದು ಇಲ್ಲಿ.

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ನೀರು ಎದುರಿನಿಂದ ಬರುತ್ತದೆಂದು ಹೊಸಬ ತಿಳಿಯುತ್ತಾನೆ; ಸಮುದ್ರವಿರುವುದು ಎದುರಿನಲ್ಲಿ ತಾನೆ? ಆದರೆ ತಗ್ಗನ್ನು ಹುಡುಕುವುದು ನೀರಿನ ಗುಣ. ಅದು ಮೊದಲು ಕೊರಕಲುಗಳನ್ನು ಹಿಡಿದು ಒಳಗೆ ನುಗ್ಗುತ್ತದೆ. ಬೇಟೆಗಾರ ಜವುಗಿನ ಅಂಚಿನಲ್ಲಿ ಒಣನೆಲದ ಮೇಲೆ ಕುಳಿತು ಸಮುದ್ರದತ್ತ ನೋಡುತ್ತಿರುವಾಗಲೇ ಅವನಿಗೂ ಏರಿಗೂ ನಡುವಣ ಕೊರಕಲು ತುಂಬಿರುತ್ತದೆ. ಬರುವಾಗ ಮೊಣಕಾಲುದ್ದ ದಾಟಿದ್ದು ಈಗ ಆಳುದ್ದ, ಸೆಳವು ಬೇರೆ. ಆದುದರಿಂದ ಕೂರುವಾಗ ಮುಂದಿನ ನೀರನ್ನು ನೋಡುತ್ತ ಕೂರಬಾರದು. ಹಿಂದಿನ ಕೊರಕಲಿನಲ್ಲಿ ಒಂದು ಕಡ್ಡಿ ನೆಟ್ಟು ಅದರತ್ತ ಆಗಾಗ ತಿರುಗಿ ನೋಡುತ್ತಿರಬೇಕು. ಎಷ್ಟು ಗಂಟೆಗೆ ಏಳಬೇಕೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿ, ಹೆಬ್ಬಾತುಗಳ ದಂಡೇ ಕಂಡರೂ ಆ ಗಂಟೆಗೆ ಏಳಬೇಕು. ನನ್ನ ಬಡಗಿ ಗೆಳೆಯನ ನಿಜವಾದ ಕೌಶಲ ಗುರಿಯಲ್ಲಿರಲಿಲ್ಲ, ಈ ಏಳುವುದರಲ್ಲಿತ್ತು. ಒಮ್ಮೆ ಸಾವಿರಾರು ಹಕ್ಕಿಗಳ ದನಿ ಹತ್ತಿರ ಹತ್ತಿರಕ್ಕೆ ಬರುತ್ತಿದ್ದಾಗ ಅವನು ತೋಟಾಗಳನ್ನು ತೆಗೆದು ಜೇಬಿಗಿಳಿಸಿ ಎದ್ದುಬಿಟ್ಟ. ನಾವು ಏರಿ ಹತ್ತುವಾಗ ಅವು ನಮ್ಮ ತಲೆಯ ಮೇಲೆಯೇ ಹಾದುಹೋದವು. ಅವನು ತಲೆಯೆತ್ತಿ ನೋಡಿದ, ಅಷ್ಟೆ.

ಹಿಂದಿನಿಂದ ಬರುವ ಈ ನೀರಿಗೆ ಬಲಿಯಾದವರು ಬೇಟೆಗಾರರು ಮಾತ್ರವಲ್ಲ. ಇಂಗ್ಲೆಂಡಿನ ಪಶ್ಚಿಮ ತೀರದ ಮೋರ್ಕಂಬ್ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ಚಿಪ್ಪುಮೀನು ಹೆಕ್ಕಲು ಹೋದ ಚೀನೀ ಕೂಲಿಗಳಲ್ಲಿ ಕನಿಷ್ಠ 21 ಮಂದಿ ಮುಳುಗಿದರು. ಅವರಿಗೆ ಆ ನೆಲವನ್ನು ಬಲ್ಲವರ ಮಾತು ಸಿಕ್ಕಿರಲಿಲ್ಲ. ಅಘನಾಶಿನಿಯಲ್ಲಿ ಇಳಿತದ ವೇಳೆ ಬಳಚು ತೆಗೆಯುವ ನಮ್ಮ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಆ ಕೂಲಿಗಳ ನೆನಪಾಗುತ್ತದೆ. ಇವರಿಗೆ ಪಂಚಾಂಗ ಬಾಯಲ್ಲಿಯೇ ಇದೆ.

ಪಂಚಾಂಗವೆಂದೆ. ಉಬ್ಬರದ ಪಂಚಾಂಗವನ್ನು ಓದುವುದರಲ್ಲಿಯೂ ಒಂದು ತೊಡಕಿದೆ. ಬೇಟೆಯ ಋತು ಸೆಪ್ಟೆಂಬರ್ 1ಕ್ಕೆ ಆರಂಭವಾಗಿ ತೀರಪ್ರದೇಶದಲ್ಲಿ ಫೆಬ್ರವರಿ 20ರವರೆಗೆ ನಡೆಯುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಆ ದೇಶದ ಗಡಿಯಾರಗಳು ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದಿರುತ್ತವೆ. ಕೆಲವು ಪಂಚಾಂಗಗಳು ಗ್ರೀನಿಚ್ ಸಮಯವನ್ನೇ ಕೊಡುತ್ತವೆ, ಕೆಲವು ಒಂದು ಗಂಟೆ ಕೂಡಿಸಿಯೇ ಅಚ್ಚುಹಾಕುತ್ತವೆ. ಕೂಡಿಸಿದ್ದಕ್ಕೆ ಮತ್ತೊಮ್ಮೆ ಕೂಡಿಸಿದವನು ನೀರು ಬರಲು ಇನ್ನೂ ಒಂದು ಗಂಟೆಯಿದೆ ಎಂದು ನಂಬಿ ಕೂರುತ್ತಾನೆ. ಪಂಚಾಂಗ ಸರಿಯಾಗಿಯೇ ಇದ್ದರೂ ಅದು ಗಾಳಿಯನ್ನು ಅರಿಯದು. ಉತ್ತರದ ಬಿರುಗಾಳಿ ಸಮುದ್ರದ ನೀರನ್ನು ದಕ್ಷಿಣಕ್ಕೆ ಒತ್ತಿದಾಗ ಉಬ್ಬರ ಹೇಳಿದ್ದಕ್ಕಿಂತ ಬೇಗ ಬರುವುದೂ ಉಂಟು, ಎತ್ತರ ಬರುವುದೂ ಉಂಟು. 1953ರ ಜನವರಿ 31ರ ರಾತ್ರಿ ಹೀಗೆ ಉಕ್ಕಿದ ನೀರು ಏರಿಗಳನ್ನೇ ಒಡೆದು ಇಂಗ್ಲೆಂಡಿನ ಪೂರ್ವ ತೀರದಲ್ಲಿ 307 ಜನರನ್ನು ಕೊಂದಿತು.

ಮಂಜಿನ ವಿಷಯ ಒಂದೇ ಮಾತು. ಮಂಜು ಕವಿದ ಮೇಲೆ ದಿಕ್ಸೂಚಿ ತೆಗೆದು ಪ್ರಯೋಜನವಿಲ್ಲ. ಏರಿಯನ್ನು ಇಳಿಯುವಾಗಲೇ ಮರಳುವ ದಿಕ್ಕನ್ನು ನೋಡಿ ಬರೆದುಕೊಂಡಿರಬೇಕು. ಬಯಲಿನಲ್ಲಿ ನೇರ ನಡೆಯುತ್ತೇನೆಂದುಕೊಂಡವನು ಸುತ್ತು ಹಾಕಿ ತನ್ನ ಹೆಜ್ಜೆಗುರುತಿಗೇ ಬರುತ್ತಾನೆ.

ಹುದುಲಿನಲ್ಲಿ ಕಾಲು ಹೂತರೆ ಒಂದು ಕಾಲನ್ನು ಕೀಳಲು ಇನ್ನೊಂದರ ಮೇಲೆ ಭಾರ ಹಾಕುವುದು ಸಹಜ. ಹಾಗೆ ಮಾಡಿದರೆ ಎರಡೂ ಇಳಿಯುತ್ತವೆ. ಹಿಂದಕ್ಕೆ ಒರಗಿ, ಭಾರವನ್ನು ಅಗಲಕ್ಕೆ ಹರಡಿ, ಕಾಲನ್ನು ಮೆಲ್ಲನೆ ಅಲುಗಿಸುತ್ತ ಬಿಡಿಸಿಕೊಳ್ಳಬೇಕು. ಕೊರಕಲು ದಾಟುವ ಮೊದಲು ಕೋವಿಯಿಂದ ತೋಟಾ ತೆಗೆಯಬೇಕು. ಜಾರಿ ಬಿದ್ದೆದ್ದರೆ ನಳಿಗೆಯೊಳಗೆ ಇಣುಕಿ ನೋಡದೆ ಮತ್ತೆ ತುಂಬಬಾರದು. ನಳಿಗೆಯ ತುದಿಯಲ್ಲಿ ಸಿಕ್ಕಿಕೊಂಡ ಹಿಡಿ ಕೆಸರು ಅದನ್ನು ಸಿಡಿಸಿಬಿಡಬಲ್ಲದು. ವೈದ್ಯನಾಗಿ ಒಂದು ಮಾತು ಸೇರಿಸುತ್ತೇನೆ: ಚಳಿಗಾಲದ ಆ ನೀರಿಗೆ ಬಿದ್ದವನನ್ನು ಮೊದಲು ಕೊಲ್ಲುವುದು ಮೈ ತಣ್ಣಗಾಗುವುದಲ್ಲ, ಬಿದ್ದೊಡನೆ ತನ್ನಷ್ಟಕ್ಕೆ ಬರುವ ಏದುಸಿರು. ಆ ಒಂದೆರಡು ನಿಮಿಷ ಬಾಯಿ ನೀರಿನ ಮೇಲಿದ್ದರೆ ಮುಂದಿನದಕ್ಕೆ ಅವಕಾಶವುಂಟು.

ಹಕ್ಕಿಯ ಕಡೆಯ ಲೆಕ್ಕವೂ ಇದೆ. ಬ್ರೆಂಟ್ ಎಂಬ ಕಪ್ಪು ಹೆಬ್ಬಾತನ್ನು ಹೊಡೆಯುವಂತಿಲ್ಲ. ಆ ಮಬ್ಬಿನಲ್ಲಿ ಅದನ್ನು ದನಿಯಿಂದ, ರೆಕ್ಕೆಯ ಬಡಿತದಿಂದ ಗುರುತಿಸಲಾರದವನು ಕೋವಿ ಎತ್ತಬಾರದು. ಉದುರಿದ ಸೀಸದ ಚರೆಯನ್ನು ಬಾತುಗಳು ಕಲ್ಲಿನ ಹರಳೆಂದು ನುಂಗಿ ವಿಷವೇರಿ ಸಾಯುತ್ತಿದ್ದುದರಿಂದ ಇಂಗ್ಲೆಂಡಿನ ತೀರಗಳಲ್ಲಿ 1999ರಿಂದ ಸೀಸಕ್ಕೆ ನಿಷೇಧವಿದೆ. ಹೆಬ್ಬಾತು ದೊಡ್ಡ ಹಕ್ಕಿಯಾದುದರಿಂದ ದೂರವಿದ್ದರೂ ಹತ್ತಿರವೆನಿಸುತ್ತದೆ. ಮೂವತ್ತೈದು ಮೀಟರಿನಾಚೆ ಹೊಡೆದ ಹೊಸಬ ಬಹುಮಟ್ಟಿಗೆ ಕೊಲ್ಲುವುದಿಲ್ಲ, ಗಾಯಗೊಳಿಸುತ್ತಾನೆ.

ಇದರ ಭಾರ ಎಷ್ಟೆಂಬುದನ್ನು ಕಂಡವನು ಪೀಟರ್ ಸ್ಕಾಟ್. ದಕ್ಷಿಣ ಧ್ರುವದ ಹಾದಿಯಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟನ ಮಗ. 1930ರ ದಶಕದಲ್ಲಿ ನೀನ್ ನದಿಯ ಮುಖದ ದೀಪಸ್ತಂಭವೊಂದರಲ್ಲಿ ವಾಸವಾಗಿದ್ದು, ಇದೇ ವಾಷ್‌ನಲ್ಲಿ ಬೇಟೆಯಾಡುತ್ತ, ಬೇಟೆಯಾಡಿದ ಹಕ್ಕಿಗಳನ್ನೇ ಚಿತ್ರಿಸುತ್ತ ಹೆಸರು ಗಳಿಸಿದವನು. ಪಾಲ್ ಗ್ಯಾಲಿಕೋ 1941ರಲ್ಲಿ ಪ್ರಕಟಿಸಿದ ‘ದಿ ಸ್ನೋ ಗೂಸ್’ ಕಥೆಯ ಒಂಟಿ ಚಿತ್ರಕಾರನ ಹಿಂದೆ ಅವನ ನೆರಳಿದೆ. ಹೊಡೆತ ತಿಂದ ಹೆಬ್ಬಾತೊಂದು ಯಾರೂ ಹೋಗಲಾರದ ಹುದುಲಿನ ಮೇಲೆ ಬಿದ್ದು ಮರುದಿನವೂ ಜೀವಂತವಾಗಿದ್ದುದನ್ನು ಕಂಡದ್ದು ಅವನ ಮನಸ್ಸನ್ನು ಕೊರೆಯಿತು. 1946ರಲ್ಲಿ ಸೆವರ್ನ್ ನದಿಯ ದಡದ ಸ್ಲಿಮ್‌ಬ್ರಿಜ್‌ನಲ್ಲಿ ನೀರಹಕ್ಕಿಗಳ ಸಂರಕ್ಷಣೆಗೆ ಸಂಸ್ಥೆ ಕಟ್ಟಿದವನು ಮುಂದೆ ಕೋವಿಯನ್ನೂ ಕೆಳಗಿಟ್ಟ. ಬಡಗಿ ಗೆಳೆಯನಿಗೆ ಸ್ಕಾಟ್ ಎಂದರೆ ಗೌರವ. ಆದರೆ ಅವನ ದಾರಿ ಹಿಡಿಯುವಷ್ಟು ಅಲ್ಲ. ನಾಯಿಯಿಲ್ಲದೆ ಹೋಗಬಾರದು, ನಾಯಿ ತರಲಾಗದ ಕಡೆ ಹಕ್ಕಿ ಬೀಳುವಂತೆ ಹೊಡೆಯಬಾರದು ಎಂಬಲ್ಲಿಗೆ ಅವನು ನಿಲ್ಲುತ್ತಿದ್ದ. ನನಗೆ ಸ್ಕಾಟನ ನಿಲುವೇ ಹಿಡಿಸಿದ್ದು. ನಾವಿಬ್ಬರೂ ಈ ಬಗೆಗೆ ಹಲವು ಸಂಜೆ ವಾದಿಸಿದ್ದುಂಟು, ಇತ್ಯರ್ಥವಾಗಲಿಲ್ಲ.

ಎಲ್ಲ ಎಚ್ಚರಿಕೆಯ ನಂತರವೂ ನೀರು ಹಿಂದಿನ ದಾರಿಯನ್ನು ಕಡಿದರೆ ಏನು ಮಾಡಬೇಕು? ತುಂಬಿದ ಕೊರಕಲನ್ನು ಈಜಿ ದಾಟಲು ಹೋಗಬಾರದು. ಮನೆಯವರಿಗೆ ಎಲ್ಲಿಗೆ ಹೋಗುತ್ತೇನೆ, ಎಷ್ಟಕ್ಕೆ ಮರಳುತ್ತೇನೆ ಎಂದು ಹೇಳಿ ಬಂದಿದ್ದರೆ ಅದು ಈಗ ಕೆಲಸಕ್ಕೆ ಬರುತ್ತದೆ. ನೀರು ತಾಗದ ಚೀಲದಲ್ಲಿ ದೂರವಾಣಿಯಿದ್ದರೆ 999ಕ್ಕೆ ಕರೆಮಾಡಿ ತೀರರಕ್ಷಕ ದಳವನ್ನು ಕೇಳಬೇಕು, ತಡಮಾಡಬಾರದು. ಬಳಿಕ ಜವುಗಿನಲ್ಲಿ ಕಾಣುವ ಅತಿ ಎತ್ತರದ ಹುಲ್ಲುದಿಬ್ಬಕ್ಕೆ ಹೋಗಿ, ಕೋಲನ್ನು ಆಳಕ್ಕೆ ನೆಟ್ಟು ಹಿಡಿದು ನಿಲ್ಲಬೇಕು. ಆಗಾಗ ಸೀಟಿ ಊದಬೇಕು, ದೀಪ ಆಡಿಸಬೇಕು. ನೀರು ಮೊಣಕಾಲಿಗೆ ಬಂದೀತು, ಸೊಂಟಕ್ಕೂ ಬಂದೀತು. ತುಂಬಿದ ನೀರು ತುಸು ಹೊತ್ತು ಅಲುಗದೆ ನಿಂತು, ಬಳಿಕ ಹುಲ್ಲಿನ ತುದಿಗಳು ಸಮುದ್ರದ ಕಡೆಗೆ ಬಾಗತೊಡಗುತ್ತವೆ. ಆಗಲೂ ಹೊರಡಬಾರದು. ದಿಬ್ಬ ಒಣಗಿದ ಮೇಲೂ ಕೊರಕಲಿನಲ್ಲಿ ನೀರು ಬಹಳ ಹೊತ್ತು ರಭಸವಾಗಿ ಹರಿಯುತ್ತಿರುತ್ತದೆ. ಬರುವಾಗ ನೆಟ್ಟ ಕಡ್ಡಿಯ ಬುಡ ಕಾಣುವವರೆಗೆ ಅಲ್ಲಿಯೇ ನಿಂತಿರಬೇಕು.