ಗುಂಡು ಹಾರಿಸುವವನು ಒಬ್ಬನೇ ಅಲ್ಲ
(ಮೊಳಕಾಲ್ಮೂರಿನ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಪೇಟೆ ಬಿಟ್ಟು ಮೊಳಕಾಲ್ಮೂರಿಗೆ ಬಂದಿದ್ದೀರಿ. ರೇಷ್ಮೆ ಸೀರೆಯ ಮಗ್ಗ ನೋಡಿದ್ದಾಯಿತು. ಬ್ರಹ್ಮಗಿರಿಯ ಬಂಡೆಯನ್ನೂ ನೋಡಿ ಹೋಗಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಒಂದೇ ತಾಲ್ಲೂಕಿನಲ್ಲಿ ಅಶೋಕನ ಮೂರು ಶಾಸನಗಳಿವೆ. ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು: ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ.

ಅದೇ ಅಶೋಕ ಕಳಿಂಗದ ಅಧಿಕಾರಿಗಳಿಗೆ ಬೇರೆ ಶಾಸನ ಬರೆಸಿದ. ಅದರ ಪ್ರತಿ 1989ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿತು. ಕಾರಣವಿಲ್ಲದೆ ಯಾರಿಗೂ ಸೆರೆಯಾಗಬಾರದು, ಹಿಂಸೆಯಾಗಬಾರದು ಎಂಬುದು ಅದರ ತಾತ್ಪರ್ಯ. ಕೋಪ, ಅವಸರ, ಸೋಮಾರಿತನ, ದಣಿವುಗಳಿಂದ ಅನ್ಯಾಯ ಹುಟ್ಟುತ್ತದೆ ಎಂದು ಎಣಿಸಿ ಹೇಳಿದ. ಐದು ವರ್ಷಕ್ಕೊಮ್ಮೆ ತಪಾಸಣೆಗೆ ಅಧಿಕಾರಿಯನ್ನು ಕಳಿಸುತ್ತೇನೆ ಎಂದೂ ಹೇಳಿದ. ಬುದ್ಧಿವಾದ ಒಂದೇ ಸಾಲದು, ಮೇಲೊಂದು ಕಣ್ಣು ಬೇಕು ಎಂಬುದು ಅಂದಿನ ಅರಸನಿಗೇ ಗೊತ್ತಿತ್ತು!

ಈಗ ಹುಬ್ಬಳ್ಳಿಗೆ ಬನ್ನಿ. 2025ರ ಏಪ್ರಿಲ್ 13. ಐದು ವರ್ಷದ ಕೂಸನ್ನು ಕೊಂದರು. ನಿಮ್ಮ ಹೊಟ್ಟೆ ಉರಿದಂತೆ ನನ್ನ ಹೊಟ್ಟೆಯೂ ಉರಿಯಿತು. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಕಲ್ಲೆಸೆದು ಓಡಲು ಹೋದ ಎಂದರು ಪೊಲೀಸರು. ತನಿಖೆ ಸಿ.ಐ.ಡಿ.ಗೆ ಹೋಯಿತು. ಆ ಗುಂಡು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಯಾರು? ಆದರೆ ತನಿಖೆಗೆ ಮೊದಲೇ ಜೈಕಾರ ಹಾಕಿದರಲ್ಲ, ಅದಕ್ಕೆ ನನ್ನ ತಕರಾರು. ಆರೋಪಿ ಸತ್ತರೆ ಕೋರ್ಟಿನಲ್ಲಿ ವಿಚಾರಣೆಯೇ ಇಲ್ಲ. ಸಾಕ್ಷಿಗಳನ್ನು ಕೇಳುವವರಿಲ್ಲ. ಆ ಕೂಸಿನ ಹೆತ್ತವರಿಗೆ ಪೂರ್ತಿ ಸತ್ಯ ಹೇಳುವವರು ಯಾರು?

ಕಾನೂನು ಮೀರಿ ಕೊಲ್ಲುವುದು ಒಬ್ಬ ಕೆಟ್ಟ ಪೊಲೀಸಿನವನ ಕೆಲಸ ಎಂದು ತಿಳಿಯಬೇಡಿ. ಅದಕ್ಕೊಂದು ಏರ್ಪಾಡೇ ಇದೆ.

ಮೊದಲನೆಯದು, ತನಿಖೆಯ ಬಡತನ. ಬಂದೋಬಸ್ತಿಗೂ ಅವನೇ, ಮಹಜರಿಗೂ ಅವನೇ. ಮೇಲಿನಿಂದ ಫೋನು ಬರುತ್ತದೆ: ನಾಳೆಯೊಳಗೆ ಕೇಸು ಮುಗಿಸು! ಆಗ ಲಾಠಿಯೇ ತನಿಖೆಯಾಗುತ್ತದೆ. ಇದು ಹಳೆಯ ರೋಗ. ಇಲ್ಲಿಂದ ಗಡಿ ದಾಟಿದರೆ ಬಳ್ಳಾರಿ, ಆಗ ಮದ್ರಾಸ್ ಪ್ರಾಂತ್ಯದ್ದು. ಆ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ನಡೆಯುತ್ತಿದ್ದ ಚಿತ್ರಹಿಂಸೆಯ ಬಗ್ಗೆ 1855ರಲ್ಲೇ ಆಯೋಗವೊಂದು ವರದಿ ಕೊಟ್ಟಿತು. ತನಿಖೆಗೇ ಪ್ರತ್ಯೇಕ ಪಡೆ ಇರಲಿ, ಅಧಿಕಾರಿಗೆ ಎರಡು ವರ್ಷವಾದರೂ ಒಂದೇ ಕಡೆ ಇರಲು ಬಿಡಿ ಎಂದು ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ!

ಎರಡನೆಯದು, ಬಹುಮಾನ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ಕೆಲವೇ ದಿನಗಳಲ್ಲಿ ತಮಿಳುನಾಡು ಸರ್ಕಾರ ಕಾರ್ಯಪಡೆಯವರಿಗೆ ಮುಂಬಡ್ತಿ, ತಲಾ 3 ಲಕ್ಷ ರೂಪಾಯಿ, ನಿವೇಶನ ಘೋಷಿಸಿತು. ಆದರೆ ಕಾಡಂಚಿನ ಜನ? ಮಲೆ ಮಹದೇಶ್ವರ ಬೆಟ್ಟದಲ್ಲಿ 'ವರ್ಕ್‌ಶಾಪ್' ಎಂದು ಕರೆಯುತ್ತಿದ್ದ ಹಿಂಸೆಯ ತಾಣದ ಕಥೆಯನ್ನು ಅವರು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ಮುಂದೆ ಹೇಳಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ಪರಿಹಾರ ಹೇಳುವ ಹೊತ್ತಿಗೆ 2007 ಬಂದಿತ್ತು. ಬಹುಮಾನ ಓಡಿ ಬಂತು, ನ್ಯಾಯ ತೆವಳಿ ಬಂತು.

ಮೂರನೆಯದು, ರಕ್ಷಾಕವಚ. ಕರ್ನಾಟಕ ಪೊಲೀಸ್ ಕಾಯಿದೆ 1963ರ 170ನೇ ಕಲಮು ನೋಡಿ. ಕರ್ತವ್ಯದ ಹೆಸರಿನಲ್ಲಿ ಮಾಡಿದ ತಪ್ಪಿಗೆ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಮಂಜೂರಾತಿ ಬೇಕು. ಎನ್‌ಕೌಂಟರ್ ಸಾವಾದರೆ ಎಫ್.ಐ.ಆರ್. ಆಗಬೇಕು, ಸಿ.ಐ.ಡಿ. ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಕೂಡಲೇ ಬಡ್ತಿ-ಪದಕ ಕೊಡಕೂಡದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಕಟ್ಟಪ್ಪಣೆ ಮಾಡಿತು. ಪೊಲೀಸರ ಮೇಲಿನ ದೂರಿಗೆ ಪ್ರಾಧಿಕಾರವೊಂದಕ್ಕೆ 2012ರಲ್ಲಿ ನಮ್ಮ ಕಾಯಿದೆಯಲ್ಲೇ ಜಾಗ ಮಾಡಲಾಯಿತು. ನಿಮ್ಮಲ್ಲಿ ಎಷ್ಟು ಜನಕ್ಕೆ ಅದರ ವಿಳಾಸ ಗೊತ್ತು? ಕೈ ಎತ್ತಿ ನೋಡೋಣ!

ನಾಲ್ಕನೆಯದು, ಚಪ್ಪಾಳೆ. ಅದು ನಮ್ಮದು. ಅದನ್ನು ನಾವೇ ನಿಲ್ಲಿಸಬಹುದು. ಇವತ್ತು ಊರಿಗೆ ಊರೇ ದ್ವೇಷಿಸುವವನ ಮೇಲೆ ಹಾರಿದ ಗುಂಡು, ನಾಳೆ ಚಳವಳಿಗಾರನನ್ನು ಹುಡುಕಿಕೊಂಡು ಬರುತ್ತದೆ. 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗುಂಡಿಗೆ ಬಿದ್ದವರು ರೈತರು. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದವರೂ ರೈತರೇ.

ಪೇದೆ ನಮ್ಮ ಶತ್ರುವಲ್ಲ. ಹಬ್ಬಕ್ಕೂ ಮನೆಗೆ ಹೋಗಲಾರದ ಅವನೂ ನಮ್ಮ ಬಡ ತಾಯಿಯ ಮಗನೇ. ಅಶೋಕ ಹೇಳಿದ ದಣಿವು, ಅವಸರ ಎರಡನ್ನೂ ಅವನ ಹೆಗಲ ಮೇಲೆ ಹೇರಿದವರು ಮೇಲೆ ಕೂತವರು.

ಇನ್ನು ನಿಮ್ಮ ಕೆಲಸ. ಗೆಳೆಯನನ್ನು ಠಾಣೆಗೆ ಒಯ್ದರೆ ಗುಂಪು ಕಟ್ಟಿ ಕಲ್ಲೆತ್ತಬೇಡಿ. ಬಂಧನದ ಪತ್ರ ಕೇಳಿ, 1996ರ ಡಿ.ಕೆ. ಬಸು ತೀರ್ಪು ಕೊಟ್ಟ ಹಕ್ಕದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೇ ನೋಡಿ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿದೆ. ಕನ್ನಡಿಗನಿಗೆ ಕನ್ನಡದಲ್ಲಿ ಕೇಳಿ. ನಮ್ಮೂರಿಗೆ ದುಡಿಯಲು ಬಂದ ಬಿಹಾರದವನಿಗೆ ಅವನ ಮಾತಿನಲ್ಲಿ ಕೊಡಿ ಎಂದೂ ನೀವೇ ಕೇಳಿ. ಭಾಷೆಯ ಹಕ್ಕು ಎಂದರೆ ಅದೇ.

ಬ್ರಹ್ಮಗಿರಿಯ ಬಂಡೆ ಇನ್ನೂ ನಿಂತಿದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಈ ಮಾತು ನೆನಪಿರಲಿ.