ಒಡೆಯದ ಪರದೆ, ಹಗುರಾದ ಬೆನ್ನು

ಹೋದ ತಿಂಗಳು ಪುಣೆ ಬಸ್ಸಲ್ಲಿ ನನ್ನ ಫೋನ್ ಬಿದ್ದು ಗಾಜು ಒಡೀತು. ನನಗೆ ಬರೀ ಖರ್ಚು. ಯುದ್ಧಭೂಮಿಯಲ್ಲಿ ಸೈನಿಕನ ನಕ್ಷೆ ಹೀಗೆ ಒಡೆದ್ರೆ?

ಒಡೆಯದ, ಹಗುರವಾದ ಪರದೆಗಾಗಿಯೇ ಅಮೆರಿಕದ ಸೇನೆ 2004ರಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಜೊತೆ ಫ್ಲೆಕ್ಸಿಬಲ್ ಡಿಸ್‌ಪ್ಲೇ ಸೆಂಟರ್ ಶುರು ಮಾಡಿತು. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ಆದ್ರೆ ತೆಳು ಹಾಳೆ ಬಿಸಿಗೆ ಹಿಗ್ಗುತ್ತೆ, ಬಾಗುತ್ತೆ. ಅವರ ಉಪಾಯ: ಹಾಳೆಯನ್ನ ಗಟ್ಟಿ ತಟ್ಟೆಗೆ ಅಂಟಿಸಿ, ಸುಮಾರು 180 ಡಿಗ್ರಿಯಲ್ಲಿ ಟ್ರಾನ್ಸಿಸ್ಟರ್ ಕೂರಿಸಿ, ಆಮೇಲೆ ಸುಲಿಯೋದು. ಬಾಳೆಎಲೆಯಿಂದ ಒಬ್ಬಟ್ಟು ಬಿಡಿಸಿದ ಹಾಗೆ!

ಅದರ ಮೇಲೆ ಇ-ಇಂಕ್. ಚಿತ್ರ ಬದಲಾಗುವಾಗ ಮಾತ್ರ ಕರೆಂಟ್ ಬೇಕು. ವಿಡಿಯೋಗೆ ನಿಧಾನ, ನಿಜ. ಆದ್ರೆ ಬೆನ್ನ ಮೇಲಿನ ಬ್ಯಾಟರಿ ಹೊರೆ ಇಳಿಯುತ್ತೆ.

ಕೋಡ್ ಬರೆಯೋ ನಾವೂ ರಿಫ್ರೆಶ್ ಮಾಡೋ ಮುಂಚೆ ಕೇಳ್ಕೊಳ್ಳೋಣ: ನಿಜಕ್ಕೂ ಏನಾದ್ರೂ ಬದಲಾಗಿದೆಯಾ?